ಜೋಶಿ ಅಂತ ಬರ್ಕೋರಿ

ನಾನೊಂದು ಬುಡಬುಡಿಕೆ. ನನ್ನನ್ನು ಹಿಡಿದು ಆಡಿಸುವವನನ್ನೂ ಜನ ಬುಡಬುಡಿಕೆ ಎಂದೇ ಕರೆಯುತ್ತಾರೆ. ತಬಲ ಬಾರಿಸುವವನನ್ನು ಯಾರೂ “ಏ ತಬಲ” ಎಂದು ಕೂಗುವುದಿಲ್ಲ. ಶಹನಾಯಿ ಊದುವವನಿಗೂ ಅವನದೇ ಒಂದು ಹೆಸರಿರುತ್ತದೆ. ನಮ್ಮಲ್ಲಿ ಮಾತ್ರ ಕಟ್ಟಿಗೆಗೂ ಮನುಷ್ಯನಿಗೂ ಒಂದೇ ಹೆಸರು. ಸಾಲದ್ದಕ್ಕೆ, ಕೆಲಸವಿಲ್ಲದೆ ವಟವಟ ಎನ್ನುವವರನ್ನು ಕಂಡರೂ “ಅವನೊಂದು ಬುಡಬುಡಿಕೆ, ಬಿಡು” ಎನ್ನುತ್ತಾರೆ. ಹಾಗಾಗಿ ನಾನು ಸ್ವಲ್ಪ ಹೆಚ್ಚು ಮಾತಾಡಿದರೆ ನೀವು ಬೇಸರ ಮಾಡಿಕೊಳ್ಳಬಾರದು. ಹೆಸರಿಗೆ ತಕ್ಕ ಹಾಗೆ ನಡೆದುಕೊಳ್ಳುತ್ತಿದ್ದೇನೆ, ಅಷ್ಟೆ.

ನಾನು ಹುಟ್ಟಿದ್ದು ಅಂಕಲಕೊಪ್ಪದ ಬಡಿಗೇರ ಮೌನೇಶನ ಅಂಗಳದಲ್ಲಿ. ಶಿವನಿ ಮರದ ಒಂದು ತುಂಡನ್ನು ಎರಡು ದಿನ ಕಡೆದು, ಎರಡೂ ಕಡೆ ಬಾಯಿ ಬಿಡಿಸಿ, ನಡು ಸಣ್ಣ ಮಾಡಿ ಅವನು ನನ್ನನ್ನು ಗಂಗೋಜಿಯ ಕೈಗೆ ಕೊಟ್ಟ. ಗಂಗೋಜಿ ಆಡಿನ ತೆಳು ಪೊರೆಯನ್ನು ನೆರಳಲ್ಲಿ ಒಣಗಿಸಿ ನನ್ನ ಬಾಯಿಗೆ ಬಿಗಿದ. ನಡುವಿಗೆ ದಾರ ಸುತ್ತಿ, ದಾರದ ತುದಿಗೆ ಅರಗಿನ ಉಂಡೆ ಕಟ್ಟಿದ. ಮಣಿಕಟ್ಟನ್ನು ಒಂದು ಸಲ ತಿರುವಿದ. ನಾನು ಬುಡುಬುಡು ಎಂದೆ. ಮುದುಕ ತಲೆ ವಾರೆ ಮಾಡಿ ಕೇಳಿ, “ಗಂಟಲು ಚಲೋ ಐತಿ” ಎಂದ. ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಹೆಚ್ಚುಕಡಿಮೆ ಕೊನೆಯದೂ ಹೌದು.

ಗಂಗೋಜಿ ಊರೂರು ತಿರುಗಿದವನು. ಒಂದು ಕತ್ತೆ, ಎರಡು ಬಿಡಾರ, ತಲೆಗೆ ಕೆಂಪು ರುಮಾಲು, ಮೈಮೇಲೆ ಯಾರ್ಯಾರೋ ಕೊಟ್ಟ ಹಳೆಯ ಕೋಟು, ಹೆಗಲ ಮೇಲೆ ಊರಿನವರೆಲ್ಲ ಹಾಕಿದ ಸೀರೆ ಧೋತರ. ಹುಟ್ಟಿದ್ದು ಎಲ್ಲಿ ಎಂದರೆ “ದಾರಿಯೊಳಗ” ಎನ್ನುತ್ತಿದ್ದ. ಮೊಣಕಾಲು ಮಾತು ಕೇಳದಂತಾದಾಗ ಅಂಕಲಕೊಪ್ಪದ ಬಸ್ ನಿಲ್ದಾಣದ ಹಿಂದೆ ಬಿಡಾರ ಊರಿ ಅಲ್ಲೇ ಕುಳಿತುಬಿಟ್ಟ. ಮಗ ಮಾನಾಜಿಯನ್ನು ಕರೆದು ನನ್ನನ್ನು ಅವನ ಅಂಗೈಯಲ್ಲಿಟ್ಟು ಮೂರು ಮಾತು ಹೇಳಿದ.

“ಒಳ್ಳೇದನ್ನ ನುಡಿ. ಕೆಟ್ಟದ್ದು ಕಂಡ್ರ ದಾರಿ ಹೇಳು. ಸ್ವಂತ ಮನಿಗೆ ಮಾತ್ರ ನುಡೀಬ್ಯಾಡ.”

ಅಲ್ಲಿಂದ ನಾನು ಮಾನಾಜಿಯವನಾದೆ. ಇನ್ನು ಮುಂದೆ ನಾನು ಹೇಳುವುದರಲ್ಲಿ ಹೆಚ್ಚಿನದು ಅವನ ಸೊಂಟದಿಂದ ಕಂಡದ್ದು, ಅಥವಾ ಅವನ ಕೈಯಿಂದ ಕೇಳಿದ್ದು.

ಬೆಳಕು ಹರಿಯುವ ಮುಂಚೆ ಹಾಲಕ್ಕಿ ಕೂಗುತ್ತದೆ, ಅದರ ನುಡಿ ತಿಳಿದವರು ನಾವು ಎಂಬುದು ನಮ್ಮ ಮಂದಿಯ ನಂಬಿಕೆ. ಹಕ್ಕಿ ಕೂಗಿದ್ದನ್ನು ನಾನು ಕೇಳಿದ್ದೇನೆ. ಅದು ಏನು ಹೇಳಿತೋ ದೇವರಿಗೇ ಗೊತ್ತು. ಮಾನಾಜಿಯ ನಿಜವಾದ ವಿದ್ಯೆ ಬೇರೆ ಇತ್ತು. ಅವನು ಅಂಗಳ ಓದುತ್ತಿದ್ದ. ಅಕ್ಷರ ಒಂದೂ ಬಾರದವನು ಅಂಗಳವನ್ನು ಮಾತ್ರ ಪುಸ್ತಕದ ಹಾಗೆ ಓದುತ್ತಿದ್ದ. ಕಟ್ಟೆಯ ಮೇಲೆ ಔಷಧದ ಬಾಟಲಿ ಇದ್ದರೆ, “ಮನ್ಯಾಗ ಒಂದು ಜೀವಕ್ಕ ಕಸುರ ಐತಿ ತಾಯವ್ವ, ಅಮಾಸಿ ದಾಟಿದ್ರ ಕಳೀತೈತಿ.” ಹೊಸ ತೊಟ್ಟಿಲು ಹಗ್ಗ ಕಂಡರೆ, “ಹಾಲಕ್ಕಿ ನುಡಿತೈತಿ, ಮನಿ ತುಂಬತೈತಿ.” ಬಾಗಿಲಲ್ಲಿ ಗಂಡಸರ ಚಪ್ಪಲಿಯೇ ಇಲ್ಲದೆ, ಹೆಂಗಸು ಅಂಚೆಯವನ ದಾರಿಯತ್ತ ನೋಡುತ್ತಿದ್ದರೆ, “ದೂರದಿಂದ ಸುದ್ದಿ ಬರೂದೈತಿ, ಮೂರು ದಿನದಾಗ.”

ಸುಳ್ಳಲ್ಲವೇ ಎಂದು ನೀವು ಕೇಳಬಹುದು. ಸುಳ್ಳೇ. ಆದರೆ ಆ ಹೆಂಗಸು ಮೂರು ದಿನ ಹಗುರವಾಗಿ ತಿರುಗಾಡುತ್ತಿದ್ದಳು. ನಾಲ್ಕನೆಯ ದಿನಕ್ಕೆ ನಾವು ಬೇರೆ ಓಣಿಯಲ್ಲಿರುತ್ತಿದ್ದೆವು.

ಅದೂ ಅಲ್ಲದೆ, ನಾಳೆಯನ್ನು ಹೇಳುವವರು ನಾವೊಬ್ಬರೇ ಅಲ್ಲವಲ್ಲ. ಜಮಖಾನದ ಮೇಲೆ ಕೂತು ಪಂಚಾಂಗ ಬಿಡಿಸಿ ಹೇಳಿದರೆ ಅವರು ಜೋಯಿಸರು. ಬುಟ್ಟಿ ಇಳಿಸಿ, ಕೈ ಹಿಡಿದು ಹೇಳಿದರೆ ಕಣಿ ಹೇಳುವ ಕೊರವಿ. ಪಂಜರ ಇಟ್ಟುಕೊಂಡು ಹೇಳಿದರೆ ಗಿಳಿಶಾಸ್ತ್ರದವನು. ಟೀವಿಯಲ್ಲಿ ಹೇಳಿದರೆ ಗುರೂಜಿ. ಎಲೆಕ್ಷನ್ನಿನ ಮುಂಚೆ ಹೇಳಿ, ಆಮೇಲೆ ತಪ್ಪಾದರೂ ಕುರ್ಚಿ ಬಿಡದವರು ವಿಶ್ಲೇಷಕರು. ರೇಡಿಯೋದಲ್ಲಿ “ಮಳೆಯಾಗುವ ಸಾಧ್ಯತೆ ಇದೆ” ಎನ್ನುವವರು ತಜ್ಞರು. ನಾವೂ ಒಂದು ‘ಸಾಧ್ಯತೆ’ ಸೇರಿಸಿಕೊಂಡಿದ್ದರೆ ಇಷ್ಟು ಬೈಸಿಕೊಳ್ಳುತ್ತಿರಲಿಲ್ಲವೇನೋ. ಕೆಲಸ ಒಂದೇ, ಕರೆಯುವ ಹೆಸರಿನಲ್ಲಿ ಮರ್ಯಾದೆಯೂ ಇರುತ್ತದೆ, ಅವಮಾನವೂ ಇರುತ್ತದೆ. ಈ ಕಥೆ ಇರುವುದೇ ಅಂಥ ಒಂದು ಹೆಸರಿನ ಮೇಲೆ.

ಮಾನಾಜಿಗೆ ಒಬ್ಬಳೇ ಮಗಳು, ತುಳಜಾ. ನಮ್ಮ ಬಿಡಾರದ ಸಾಲಿನಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಮಗು ಅವಳೇ. ಹೆಂಡತಿ ಸಕ್ಕೂಬಾಯಿ “ಓದಿ ಏನ್ ಮಾಡ್ತಾಳ” ಎಂದು ಗೊಣಗಿದರೂ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ ಕಳಿಸಿದಳು. ಮಾನಾಜಿ ರುಮಾಲು ಸುತ್ತಿ, ನನ್ನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಕೈ ಹಿಡಿದು ಶಾಲೆಗೆ ಹೋದ. ಬೇರೆ ತಂದೆತಾಯಿಯರೂ ಸಾಲಾಗಿ ನಿಂತಿದ್ದರು. ಮೇಜಿನ ಹಿಂದೆ ಬಿಂಗೇರಿ ಮಾಸ್ತರರು ರಿಜಿಸ್ಟರು ತೆರೆದು ಕುಳಿತಿದ್ದರು.

“ಜಾತಿ?”

“ಬುಡಬುಡಿಕೇರ್ರಿ.”

ಸಾಲಿನಲ್ಲಿದ್ದ ಯಾರೋ ಕಿಸಕ್ ಎಂದರು. ಒಂದು ಹುಡುಗಿ ಮಣಿಕಟ್ಟು ತಿರುವಿ “ಬುಡುಬುಡು” ಎಂದು ತೋರಿಸಿತು. ಅದನ್ನು ನೋಡಿ ಇನ್ನೊಂದಿಷ್ಟು ಮಕ್ಕಳು ಮಣಿಕಟ್ಟು ತಿರುವಿದವು. ತುಳಜಾ ಅಪ್ಪನ ಧೋತರದೊಳಗೆ ಮುಖ ಹುದುಗಿಸಿಕೊಂಡಳು. ಅವಳ ಹಣೆ ನನಗೆ ಒತ್ತುತ್ತಿತ್ತು, ಬಿಸಿಯಾಗಿತ್ತು.

ಮಾನಾಜಿ ಬೆನ್ನು ನೆಟ್ಟಗೆ ಮಾಡಿಕೊಂಡ. “ನಾವು ಜೋಶೇರ್ರಿ ಮಾಸ್ತರ್. ಹಾಲಕ್ಕಿ ಜೋಶೇರು. ನಮ್ಮ ಹಿರೇರು ಹಂಗ ಹೇಳ್ಕೊಂಡು ಬಂದಾರ. ಜೋಶಿ ಅಂತ ಬರ್ಕೋರಿ.”

ಅದು ಸುಳ್ಳಲ್ಲ. ನಾಳೆಯನ್ನು ನುಡಿಯುವ ನಮ್ಮ ಮಂದಿ ತಮ್ಮನ್ನು ಜೋಶಿ ಎಂದೇ ಕರೆದುಕೊಳ್ಳುತ್ತಾರೆ. ಬಿಂಗೇರಿ ಮಾಸ್ತರರು ಒಳ್ಳೆಯವರು, ಮಗುವಿನ ಮುಖ ನೋಡಿ ಮರುಮಾತಾಡದೆ ‘ಜೋಶಿ’ ಎಂದು ಬರೆದರು. ನಕ್ಕವರು ಸುಮ್ಮನಾದರು. ಆ ದಿನ ಮಾನಾಜಿ ಮನೆಗೆ ಬಂದು ಸಕ್ಕೂಬಾಯಿಗೆ, “ನಿನ್ನ ಮಗಳು ಇವತ್ತಿಂದ ತುಳಜಾ ಜೋಶಿ” ಎಂದಾಗ ಅವನ ಮುಖ ನೋಡಬೇಕಿತ್ತು. ನಾನೂ ಹಿಗ್ಗಿದೆ. ಹುಚ್ಚು ನನಗೂ ಇತ್ತು.

ನಾಲ್ಕು ವರ್ಷದ ಮೇಲೆ ಹಳೆಯ ರಿಜಿಸ್ಟರು ಗೆದ್ದಲು ಹಿಡಿಯಿತು. ಹೊಸದಕ್ಕೆ ನಕಲು ಮಾಡಲು ಕುಳಿತ ಇನ್ನೊಬ್ಬ ಮಾಸ್ತರರು, ಜೋಶಿ ಎಂದ ಮೇಲೆ ಇನ್ನೇನು ಎಂದುಕೊಂಡು, ಮುಂದೆ ‘ಬ್ರಾಹ್ಮಣ’ ಎಂದು ಸೇರಿಸಿದರು. ಉಪಕಾರ ಮಾಡುವ ಮನಸ್ಸಿನಿಂದಲೇ ಮಾಡಿದರು. ಬಿಡಾರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತುಳಜಾ ಓದುತ್ತಲೇ ಹೋದಳು, ಆ ಪದವೂ ಅವಳ ಹಿಂದೆಯೇ ಒಂದೊಂದು ತರಗತಿ ದಾಟುತ್ತ ಹೋಯಿತು.

ಹತ್ತನೆಯದು ಮುಗಿಯಿತು, ಪೀಯೂಸಿಯೂ ಮುಗಿಯಿತು. ಹುಡುಗಿಗೆ ನರ್ಸ್ ಆಗುವ ಆಸೆ. ಅಜ್ಜ ಗಂಗೋಜಿ ಸಾಯುವಾಗ ಸರಕಾರಿ ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಅವನ ಕೊಳಕು ಕಾಲನ್ನು ಒರೆಸಿ, “ಅಜ್ಜಾ, ಇವತ್ತು ಹೆಂಗದೀರಿ?” ಎಂದು ಕೇಳಿದ್ದಳಂತೆ. ನಮ್ಮ ಮಂದಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ನಾಳೆ ಏನಾಗುತ್ತದೆ ಎಂದು ಕೇಳುವವರೇ ಎಲ್ಲರೂ. ಅವತ್ತಿನಿಂದ ತುಳಜಾ ಆ ಒಂದೇ ಹಟ ಹಿಡಿದಳು. ನರ್ಸಿಂಗ್ ಕಾಲೇಜಿನಲ್ಲಿ ಅಲೆಮಾರಿ ಮಂದಿಗೆಂದು ಮೀಸಲಿಟ್ಟ ಒಂದು ಸೀಟಿತ್ತು. ಅವಳ ಅಂಕಕ್ಕೆ ಅದು ಸಿಗುವುದೇ ಇತ್ತು. ಜಾತಿ ಪ್ರಮಾಣಪತ್ರ ಒಂದು ಬೇಕು, ಜುಲೈ ಮೂವತ್ತೊಂದರೊಳಗೆ ಬೇಕು.

ತಾಲ್ಲೂಕು ಕಚೇರಿಯಲ್ಲಿ ನಡುವಿನಮನಿ ಎಂಬ ಗುಮಾಸ್ತರಿದ್ದರು. ಶಾಲೆಯ ದಾಖಲೆ ನೋಡಿದರು, ಮಾನಾಜಿಯನ್ನು ನೋಡಿದರು, ಸೊಂಟದಲ್ಲಿದ್ದ ನನ್ನನ್ನು ನೋಡಿದರು.

“ಇದರಾಗ ಬ್ರಾಹ್ಮಣ ಅಂತ ಐತಲ್ಲೋ ಮಾರಾಯ.”

“ಯಾರ್ರೀ ಬ್ರಾಹ್ಮಣ?”

“ನಿನ್ನ ಮಗಳು.”

ಮಾನಾಜಿ ನಕ್ಕುಬಿಟ್ಟ. ತಮಾಷೆ ಎಂದುಕೊಂಡ. ಮಗಳು ನಗದೆ ಇದ್ದದ್ದು ನೋಡಿ ಅವನ ನಗು ಅರ್ಧಕ್ಕೆ ನಿಂತಿತು. “ಸಾಹೇಬ್ರ, ನನ್ನ ನೋಡ್ರಿ, ಈ ವೇಷ ನೋಡ್ರಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕ ಬೇಕ್ರಿ?”

“ಬೇಕಪಾ. ಕನ್ನಡಿನೂ ಬೇಕು, ಕನ್ನಡಿಗೆ ಸೀಲೂ ಬೇಕು” ಎಂದರು ನಡುವಿನಮನಿ. ಕೆಟ್ಟ ಮನುಷ್ಯನಲ್ಲ. ಕಾಗದದಲ್ಲಿ ಇಲ್ಲದ್ದನ್ನು ಕಣ್ಣಿಂದ ನೋಡಿದರೆ ಕೆಲಸಕ್ಕೆ ಕುತ್ತು ಎಂದು ಬಲ್ಲವರು.

ಶಾಲೆಗೆ ಹೋದರೆ, ಮಗು ಶಾಲೆ ಬಿಟ್ಟ ಮೇಲೆ ರಿಜಿಸ್ಟರು ತಿದ್ದುವ ಅಧಿಕಾರ ನಮಗಿಲ್ಲ ಎಂದರು. ಬಿಂಗೇರಿ ಮಾಸ್ತರರು ತೀರಿಕೊಂಡಿದ್ದರು. ಅಂಕಲಕೊಪ್ಪದ ಹತ್ತು ಮಂದಿ ಪಂಚನಾಮೆಗೆ ಸಹಿ ಹಾಕಿ, ಇವರು ಬುಡಬುಡಿಕೆಯವರೇ, ನಾವು ಬಲ್ಲೆವು ಎಂದು ಬರೆದುಕೊಟ್ಟರು. ಹಿಂದೆ ಯಾವ ಪದವನ್ನು ಹಿಡಿದು ನಕ್ಕಿದ್ದರೋ ಅದನ್ನೇ ಈಗ ಕೈಯಾರೆ ಬರೆದರು. ಬಾಯಿಮಾತಿಗೆ ಕಿಮ್ಮತ್ತಿಲ್ಲ ಎಂದಿತು ಕಚೇರಿ. ನಿಮ್ಮಪ್ಪನ ದಾಖಲೆ ಇದೆಯೇ, ಅಜ್ಜನದು ಇದೆಯೇ, ಹೊಲ, ಮನೆ, ಶಾಲೆ, ಏನಾದರೂ? ದಾರಿಯಲ್ಲಿ ಹುಟ್ಟಿದವನ ದಾಖಲೆಯನ್ನು ಯಾವ ದಾರಿಯಲ್ಲಿ ಹುಡುಕುವುದು?

ಆಗ ತುಳಜಾಗೆ ಒಂದು ಉಪಾಯ ಹೊಳೆಯಿತು. ಬ್ರಾಹ್ಮಣರಲ್ಲ ಎಂದು ಬ್ರಾಹ್ಮಣರೇ ಬರೆದುಕೊಟ್ಟರೆ?

ತಾಲ್ಲೂಕಿನಲ್ಲಿ ಪಂಚಾಂಗ ಹೇಳುವ ರಾಘಪ್ಪಾಚಾರ್ಯ ಜೋಶಿ ಎಂಬ ಹಿರಿಯರಿದ್ದರು. ಅಪ್ಪ ಮಗಳು ಅವರ ಪಡಸಾಲೆಯ ಕೆಳಗೆ ನಿಂತು ಕಥೆ ಹೇಳಿದರು. ಆಚಾರ್ಯರು ಕನ್ನಡಕ ತೆಗೆದು ನಗಾಡಿದರು. ಆಮೇಲೆ ಹುಡುಗಿಯ ಮುಖ ನೋಡಿ ನಗು ನಿಲ್ಲಿಸಿದರು.

“ಮ್ಯಾಲೆ ಬಂದು ಕೂಡ್ರೋ ಮಾನಾಜಿ. ನೀನೂ ನಾಳೆ ಹೇಳ್ತಿ, ನಾನೂ ನಾಳೆ ಹೇಳ್ತೀನಿ. ನಿನಗ ಗಂಟಲು ಬೇಕು, ನನಗ ಕನ್ನಡಕ ಬೇಕು, ಇಷ್ಟ ಫರಕು. ನಿನಗರೆ ಗೊತ್ತಾಗಿತ್ತೇನು ಹಿಂಗಾಗ್ತದ ಅಂತ?”

“ಇಲ್ರಿ.”

“ನನ್ನ ಮಗ ಎಂಟು ವರ್ಷ ಆತು ಮನಿ ಬಿಟ್ಟು ಹೋಗಿ. ನನಗೂ ಗೊತ್ತಾಗಲಿಲ್ಲ ನೋಡು.”

ಅವರು ತಮ್ಮ ಕೈಯಾರೆ, ದುಂಡು ಅಕ್ಷರದಲ್ಲಿ, ಸದರಿ ಮಾನಾಜಿಯು ನಮ್ಮ ಪೈಕಿ ಅಲ್ಲ, ನಮಗೂ ಇವರಿಗೂ ಕುಲ ಗೋತ್ರಗಳ ಯಾವ ಸಂಬಂಧವೂ ಇಲ್ಲ ಎಂದು ಬರೆದುಕೊಟ್ಟರು. ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಬೆಲ್ಲ ನೀರು ಕೊಟ್ಟು, ಸಂಬಂಧವಿಲ್ಲ ಎಂದು ಬರೆದರು. ಸಂಬಂಧದ ಮಾತನ್ನು ಅಷ್ಟು ಪ್ರೀತಿಯಿಂದ ಯಾರೂ ಅಲ್ಲಗಳೆದದ್ದನ್ನು ನಾನು ಕಂಡಿಲ್ಲ.

ನಡುವಿನಮನಿ ಕಾಗದವನ್ನು ಎರಡು ಸಲ ಓದಿದರು. “ನೀವು ಏನಲ್ಲ ಅನ್ನೂದು ಗೊತ್ತಾತು. ಏನು ಅನ್ನೂದು ಎಲ್ಲೈತಿ?”

ಜುಲೈ ಹದಿನಾಲ್ಕು ದಾಟಿತ್ತು. ಹಳೆಯದು ಏನಾದರೂ, ತಲೆಮಾರಿನದು ಏನಾದರೂ ತನ್ನಿ, ಮೇಡಂ ಅವರ ಮುಂದಿಡೋಣ ಎಂದರು ಅವರೇ. ಬಿಡಾರದಲ್ಲಿ ತಲೆಮಾರು ದಾಟಿದ್ದು ನಾನೊಬ್ಬನೇ. ಮರುದಿನ ಬೆಳಗ್ಗೆ ಹೊರಡುವಾಗ ತುಳಜಾ ಬಾಗಿಲಿಗೆ ಅಡ್ಡ ನಿಂತಳು.

“ಅಪ್ಪಾ, ಒಂದ್ ಸಲ ನನಗ ನುಡಿ.”

“ಮನಿಗೆ ನುಡೀಬಾರ್ದವಾ. ನಿಮ್ಮ ಅಜ್ಜ ಹೇಳ್ಯಾನ.”

“ಊರ ಮಂದಿಗೆಲ್ಲಾ ಹೇಳ್ತಿ. ನನಗೊಬ್ಬಾಕಿಗೆ ಇಲ್ಲೇನು?”

ಮಾನಾಜಿ ಬಹಳ ಹೊತ್ತು ನನ್ನ ದಾರ ಬಿಚ್ಚಿದ, ಸುತ್ತಿದ. ಕೊನೆಗೆ ಆಡಿಸಿದ. ಆ ದಿನ ನನ್ನ ದನಿ ನೆಟ್ಟಗೆ ಬರಲಿಲ್ಲ. “ಹಾಲಕ್ಕಿ ನುಡಿತೈತಿ... ಶುಭ ಆಗ್ತೈತಿ ಮಗಳ. ನರ್ಸಮ್ಮನ ಬಿಳೀ ಸೀರಿ ಉಡ್ತಿ.” ತುಳಜಾ ನಕ್ಕಳು. ಅವಳು ನಂಬಿದಳು. ಹೊಟ್ಟೆಪಾಡಿಗೆ ಮಂದಿಗೆ ಹೇಳುವುದೇ ಬೇರೆ, ಮನೆಯ ಮಗುವಿಗೆ ಹೇಳುವುದೇ ಬೇರೆ. ನನಗೆ ನಾಚಿಕೆಯಾಯಿತು. ಬಾಯಿ ಎರಡಿದ್ದರೂ ಬಾಯಿ ಬಿಟ್ಟು ಹೇಳುವಂತಿರಲಿಲ್ಲ.

ಕಚೇರಿಯಲ್ಲಿ ನನ್ನನ್ನು ಮೇಜಿನ ಮೇಲಿಟ್ಟರು. ಸಿಬ್ಬಂದಿ ಸುತ್ತ ನೆರೆಯಿತು. “ದಾಖಲೆ ಮಾತಾಡ್ಲಿ ನೋಡೋಣ” ಎಂದು ಯಾರೋ ಅಂದರು. ಮಾನಾಜಿ ಆಡಿಸಿದ. ಒಬ್ಬರಿಗೆ ಬಡ್ತಿ ಅಂದ, ಒಬ್ಬರಿಗೆ ಮಗಳ ಮದುವೆ ಅಂದ, ನಡುವಿನಮನಿಯವರಿಗೆ ಮೊಣಕಾಲು ನೋವು ಇಳಿಯುತ್ತದೆ ಅಂದ. ಎಲ್ಲರಿಗೂ ಖುಷಿಯೋ ಖುಷಿ. “ಊರಿಗೆಲ್ಲಾ ಶಕುನ ಹೇಳೂ ಹಲ್ಲಿ ಬಚ್ಚಲದಾಗ ಬಿದ್ದಿತ್ತಂತ” ಎಂದು ಹಿಂದಿನಿಂದ ಒಬ್ಬರು ಗಾದೆ ಬಿಟ್ಟರು. ಮಾನಾಜಿ ಅದಕ್ಕೂ ನಕ್ಕ. ನಗದಿದ್ದರೆ ಕೆಲಸ ಕೆಡುತ್ತದೆ ಎಂಬ ಅಂಜಿಕೆ. ಅಂಗಳ ಓದುವವನನ್ನು ಕಚೇರಿಯ ಮೇಜಿನ ಮುಂದೆ ಕುಣಿಸಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಗದ್ದಲ ಕೇಳಿ ತಹಶೀಲ್ದಾರ್ ಮೇಡಂ ಹೊರಗೆ ಬಂದರು. ಎಲ್ಲರೂ ಚದುರಿದರು. ಅವರು ಮೈಸೂರು ಸೀಮೆಯವರು, ಬಂದು ಏಳು ತಿಂಗಳಾಗಿತ್ತು. ಕಡತ ತರಿಸಿ ನಿಂತಲ್ಲೇ ಓದಿದರು. ಆಚಾರ್ಯರ ಪತ್ರ, ಪಂಚನಾಮೆ, ಎಲ್ಲ ನೋಡಿದರು. “ಇದರಲ್ಲಿ ಅನುಮಾನ ಪಡೋಂಥದ್ದು ಏನಿದೆ ನಡುವಿನಮನಿ? ಶಾಲೆಯವರ ತಪ್ಪು ಇದು. ಈ ವಾದ್ಯಾನೂ ಲಗತ್ತಿಸಿ. ಜಿಲ್ಲೆಯಿಂದ ಒಂದು ಅಭಿಪ್ರಾಯ ತರಿಸ್ಕೊಂಡು ನಾನೇ ಸಹಿ ಹಾಕ್ತೀನಿ. ಹತ್ತು ದಿನದಲ್ಲಿ ಆಗುತ್ತೆ. ಹೆದರ್ಬೇಡ ಕಣಮ್ಮ, ಚೆನ್ನಾಗಿ ಓದು.”

ತುಳಜಾ ಅವರ ಕಾಲಿಗೆ ಬಿದ್ದಳು. ಕೊಡಲು ಮಾನಾಜಿಯ ಹತ್ತಿರ ಏನಿತ್ತು? ನುಡಿ ಒಂದೇ. ಮೇಡಂ ಕೈಯಲ್ಲಿದ್ದ ಮೊಬೈಲಿನ ಮೇಲೆ ಒಂದು ಎಳೆ ಮಗುವಿನ ಚಿತ್ರ ಇದ್ದದ್ದನ್ನು ಅವನು ಓದಿಬಿಟ್ಟಿದ್ದ. ನನ್ನನ್ನು ಮೇಜಿನಿಂದ ಎತ್ತಿಕೊಂಡು, ಮನಸ್ಸು ತುಂಬಿ, ಜೀವಮಾನದಲ್ಲಿ ಎಂದೂ ಆಡಿಸದ ಹಾಗೆ ಆಡಿಸಿದ.

“ಹಾಲಕ್ಕಿ ನುಡಿತೈತಿ ತಾಯಿ! ಹೆತ್ತ ಕರಳು ಅಲ್ಲೈತಿ, ನೀವು ಇಲ್ಲದೀರಿ. ಹದಿನೈದು ದಿನ ತುಂಬೂದ್ರಾಗ ನಿಮ್ಮೂರಿಗೆ ನಿಮಗ ವರ್ಗ ಆಗ್ತೈತಿ!”

ಮೇಡಂ ಕಣ್ಣು ತೇವವಾಯಿತು. “ನಿನ್ನ ಬಾಯಿ ಹರಕೆ ಫಲಿಸಲಿ ಕಣಪ್ಪ” ಎಂದು ಒಳಗೆ ಹೋದರು.

ನನ್ನ ನಡುವಿಗೆ ಒಂದು ಕೆಂಪು ಟೇಪು ಬಿಗಿದು, ‘ಲಗತ್ತು ೭’ ಎಂಬ ಚೀಟಿ ಅಂಟಿಸಿದರು. ಮಾನಾಜಿ ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದು ನನ್ನನ್ನೊಮ್ಮೆ ಮುಟ್ಟಿದ. “ಹತ್ತು ದಿನ” ಎಂದ. ನನಗೆ ಹೇಳಿದನೋ ತನಗೆ ಹೇಳಿಕೊಂಡನೋ. ಆಮೇಲೆ ಅವನ ಕೈ ನನ್ನನ್ನು ಮುಟ್ಟಿದ್ದೇ ಇಲ್ಲ.

ಇಷ್ಟು ವರ್ಷ ಅವನು ನುಡಿದದ್ದು ಎಷ್ಟು ಸಾವಿರವೋ. ಫಲಿಸಿದ್ದು ಎಷ್ಟೋ, ನಿಂತು ನೋಡಿದವರಿಲ್ಲ. ಆದರೆ ಇದೊಂದು ಫಲಿಸಿತು. ಎಂಟನೆಯ ದಿನ ಮೇಡಂಗೆ ವರ್ಗದ ಆದೇಶ ಬಂತು. ಅವರ ಊರಿಗೇ ಬಂತು. ಅದೇ ಸಂಜೆ ಅವರು ಹಾರ ಹಾಕಿಸಿಕೊಂಡು ಹೊರಟರು. ನಾನಿದ್ದ ಕಪಾಟಿನ ಪಕ್ಕದಲ್ಲೇ ಬೀಳ್ಕೊಡುಗೆ ನಡೆಯಿತು. ಖಾರಾ ಚೂಡಾ ಹಂಚಿದ ಸದ್ದು ಕೇಳಿಸಿತು. ಜಿಲ್ಲೆಯ ಅಭಿಪ್ರಾಯ ಮರುದಿನ ಬಂದು ಮೇಜಿನ ಮೇಲೆ ಬಿತ್ತು, ಸಹಿ ಹಾಕುವ ಕುರ್ಚಿ ಖಾಲಿಯಾಗಿತ್ತು. ಹೊಸಬರು ಬಂದದ್ದು ಆಗಸ್ಟ್ ಒಂಬತ್ತಕ್ಕೆ.

ಮಾನಾಜಿ ಓಡಿ ಬಂದಾಗ ನಡುವಿನಮನಿ ಎರಡೂ ಕೈ ಎತ್ತಿದರು. “ನೀನ ಅಂದಿದ್ದೆಲ್ಲೋ! ವರ್ಗ ಆಗ್ತೈತಿ ಅಂತ ಇಲ್ಲೇ ನಿಂತು ಕೂಗಿ ಹೇಳಿದಿ. ಆತು. ಈಗ ನನ್ನ ಕೇಳಿದ್ರ?”

ಕಪಾಟಿನ ಸಂದಿಯಿಂದ ನನಗೆ ಅವನ ಅರ್ಧ ಮುಖ ಕಾಣುತ್ತಿತ್ತು. ಅವನು ನೋಡುತ್ತ ನೋಡುತ್ತ ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ, ತಪ್ಪು ಮಾಡಿದ ಮಗುವಿನ ಕೈ ಹಿಡಿದ ಹಾಗೆ.

ಸೀಟು ಬೇರೆಯವರಿಗೆ ಹೋಯಿತು.

ಹೊಸ ಸಾಹೇಬರು, ಹಿಂದಿನವರು ಸಹಿ ಹಾಕದ್ದಕ್ಕೆ ಏನೋ ಕಾರಣ ಇರಬೇಕು, ಮೊದಲಿನಿಂದ ವಿಚಾರಣೆ ಆಗಲಿ ಎಂದು ಬರೆದರು. ಆಮೇಲಿನದನ್ನು ಉದ್ದ ಮಾಡಿ ಹೇಳಲಾರೆ. ಮಾನಾಜಿ ಪ್ರತಿ ಸೋಮವಾರ ಬರುತ್ತಿದ್ದ. “ಫೈಲು ಮ್ಯಾಲೆ ಹೋಗೇತಿ” ಎನ್ನುತ್ತಿದ್ದರು. ಫೈಲು ಅವನಿಂದ ಮೂರು ಮೊಳ ದೂರದಲ್ಲಿ ನನ್ನ ಕೆಳಗೇ ಇರುತ್ತಿತ್ತು. ಒಂದು ಸಲ ಕೇಳಿದ, “ಅದನ್ನರೆ ಕೊಡ್ರಿ, ಹೊಟ್ಟಿಪಾಡಿಂದು.” ಫೈಲು ವಿಲೇವಾರಿ ಆಗದೆ ಲಗತ್ತು ಬಿಡಿಸಲು ಬರುವುದಿಲ್ಲ ಎಂದರು. ಅವನು ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಬುಡಬುಡಿಕೆ ತಂದು ಓಣಿಗೆ ಹೋದನಂತೆ. ಅದು ಟಕಟಕ ಎನ್ನುತ್ತಿತ್ತಂತೆ. ಮಕ್ಕಳು ಬೆನ್ನು ಹತ್ತಿದರಂತೆ. ಎರಡು ದಿನಕ್ಕೆ ಬಿಟ್ಟ. ಇದನ್ನು ಅವನೇ ಜವಾನನಿಗೆ ಹೇಳಿಕೊಳ್ಳುವಾಗ ನಾನು ಕೇಳಿದೆ. ಈಗ ಯಾರಿಗಾದರೂ ‘ಶುಭ’ ಎನ್ನಲು ಬಾಯಿ ಬರುವುದಿಲ್ಲ, ಎಲ್ಲಿ ನಿಜವಾಗಿಬಿಡುತ್ತದೋ ಎಂದು ಅಂಜಿಕೆಯಾಗುತ್ತದೆ ಎಂದೂ ಹೇಳಿದ.

ಮೂರನೆಯ ವರ್ಷದ ಒಂದು ಸೋಮವಾರ ಅವನು ಬರಲಿಲ್ಲ. ತುಳಜಾ ಬಂದಳು. ಅಪ್ಪ ಹೋದ ಎಂದಳು. ಫೈಲಿನಲ್ಲಿ ಇರಲಿ ಎಂದು ನಡುವಿನಮನಿ ಮರಣದ ಪತ್ರ ಕೇಳಿ ಓದಿದರು. “ಮಾನಾಜಿ ಗಂಗೋಜಿ ಜೋಶಿ.” ಓದಿ, ತುಳಜಾಗೆ ಕೂಡಲು ಒಂದು ಕುರ್ಚಿ ಎಳೆದು ಕೊಟ್ಟರು. ಅವರೂ ಮನುಷ್ಯರೇ. ಅರ್ಜಿದಾರರು ಮೃತರಾದ್ದರಿಂದ ಕಡತ ಮುಕ್ತಾಯ ಎಂದು ಬರೆದರು. ಅರ್ಜಿ ಮಗಳದು, ಸತ್ತವನು ಅಪ್ಪ. ಅದನ್ನು ಹೇಳುವಷ್ಟು ಶಕ್ತಿ ಆ ದಿನ ತುಳಜಾಗೆ ಇರಲಿಲ್ಲ, ಹೇಳಿದ್ದರೂ ಏನಾಗುತ್ತಿತ್ತು? ನನ್ನನ್ನು ಕೇಳುವುದನ್ನೂ ಮರೆತು ಹೋದಳು. ನಾನು ದಾಖಲೆ ಕೋಣೆಯ ಮೂಲೆಗೆ ಬಿದ್ದೆ. ಒಂದು ಮಳೆಗಾಲದಲ್ಲಿ ನನ್ನ ಎಡ ಬಾಯಿಯ ಚರ್ಮ ಹಸಿಯಾಗಿ, ಬೇಸಿಗೆಯಲ್ಲಿ ಬಿರಿದು ಹರಿಯಿತು. ಅದಾದ ಮೇಲೆ ನಾನು ಬುಡಬುಡಿಕೆಯಾಗಿ ಉಳಿಯಲಿಲ್ಲ, ಕಟ್ಟಿಗೆಯಾದೆ.

ಹದಿನೈದು ವರ್ಷದ ಮೇಲೆ ಹಳೆಯ ಕಡತ ಸುಡುವಾಗ ಒಬ್ಬರು ನನ್ನನ್ನು ಎತ್ತಿಕೊಂಡರು. ಬೇಲೇರಿ ಎಂದು ಹೆಸರು, ಒಂದು ಜಾನಪದ ವಸ್ತುಸಂಗ್ರಹಾಲಯ ನೋಡಿಕೊಳ್ಳುವವರು. ಧೂಳು ಒರೆಸಿ, ಕಡತ ತಿರುವಿ, ಅಂಕಲಕೊಪ್ಪದ ಹತ್ತು ಮಂದಿಯ ಪಂಚನಾಮೆ ನೋಡಿ, ಅದರಿಂದಲೇ ನಾಲ್ಕು ಸಾಲು ಇಳಿಸಿಕೊಂಡರು. ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿದ್ದೇನೆ. ನನ್ನ ಮುಂದೆ ಅಚ್ಚು ಹಾಕಿದ ಫಲಕವಿದೆ. “ಬುಡಬುಡಿಕೆ. ಶಿವನಿ ಮರ, ಚರ್ಮ, ದಾರ, ಅರಗು. ಭವಿಷ್ಯ ನುಡಿಯಲು ಬಳಸುವ ವಾದ್ಯ. ಬಳಸಿದವರು: ಮಾನಾಜಿ ಗಂಗೋಜಿ, ಬುಡಬುಡಿಕೆ ಜನಾಂಗ, ಅಂಕಲಕೊಪ್ಪ.” ಕೆಳಗೆ ಸಂಸ್ಥೆಯ ದುಂಡು ಮುದ್ರೆಯೂ ಇದೆ. ಮಾನಾಜಿ ಮೂರು ವರ್ಷ ಬೇಡಿದ್ದನ್ನು ಬೇಲೇರಿಯವರು ಚಹಾ ಕುಡಿಯುತ್ತ ಬರೆದು ಮುಗಿಸಿದರು. ಯಾರೂ ಅವರನ್ನು ದಾಖಲೆ ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಖಾಸಗಿ ಆಸ್ಪತ್ರೆಯ ಸಿಬ್ಬಂದಿ ವ್ಯಾನು ಮಾಡಿಕೊಂಡು ನೋಡಲು ಬಂದರು. ಎಲ್ಲರೂ ಮುಂದೆ ಹೋದರು. ಆಯಾಗಳ ನೀಲಿ ಸೀರೆ ಉಟ್ಟ ಒಬ್ಬ ಹೆಂಗಸು ನನ್ನ ಮುಂದೆ ನಿಂತುಬಿಟ್ಟಳು. ವಯಸ್ಸಿಗೆ ಮುಂಚೆಯೇ ಕೂದಲು ಅರ್ಧ ಬೆಳ್ಳಗಾಗಿತ್ತು. ಫಲಕ ಓದಿದಳು. ಮತ್ತೆ ಓದಿದಳು. ಗಾಜಿಗೆ ಹಣೆ ಹಚ್ಚಿದಾಗ ನನಗೆ ಗುರುತು ಸಿಕ್ಕಿತು.

ಬೇಲೇರಿಯವರು ಹತ್ತಿರ ಬಂದರು. “ಇಷ್ಟ ಆತೇನಮ್ಮ? ಭಾಳ ಅಪರೂಪದ್ದು ಅದು.”

“ಸರ್, ಈ ಬರದದ್ದು ಖರೇನ್ರಿ? ಸರಕಾರ ಒಪ್ಪತೈತೇನ್ರಿ?”

“ಖರೇನ. ಯಾಕ?”

“ಇದನ್ನ ಒಂದು ಹಾಳಿ ಮ್ಯಾಲೆ ಬರದು, ಸಹಿ ಮಾಡಿ, ಈ ಶಿಕ್ಕಾ ಹೊಡದು ಕೊಡ್ತೀರೇನ್ರಿ?”

“ಕೊಡಬಹುದು. ಯಾವುದಕ್ಕ ಬೇಕಾಗಿತ್ತಮ್ಮ?”

ತುಳಜಾ ಬಾಯಿ ತೆರೆದಳು. ಯಾವುದಕ್ಕೆ ಬೇಕು? ಸೀಟಿನ ಕೊನೆಯ ತಾರೀಖು ಮುಗಿದು ಹದಿನೆಂಟು ವರ್ಷವಾಗಿತ್ತು. ಕೈಯಲ್ಲಿ ಫಿನಾಯಿಲಿನ ಬಿಳಿ ಕಲೆಗಳಿದ್ದವು. ಅವಳು ಕಾರಣ ಒಂದಾದರೂ ಸಿಗಲಿ ಎಂದು ಹುಡುಕುತ್ತಿರುವುದು ನನಗೆ ತಿಳಿಯುತ್ತಿತ್ತು.

“ಯಾವುದಕ್ಕೂ ಇಲ್ರಿ ಸರ್” ಎಂದಳು.

ಹೊರಗೆ ವ್ಯಾನು ಹಾರ್ನ್ ಹೊಡೆಯಿತು. ನಮ್ಮ ಕಡೆ ಹೊರಡುವವರು ‘ಬರ್ತೀನಿ’ ಎನ್ನುತ್ತಾರೆ. ‘ಹೋಗ್ತೀನಿ’ ಎಂದರೆ ಅಪಶಕುನ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ತಲೆತ‌ಲಾಂತರದಿಂದ ಒಳ್ಳೆಯದೊಂದನ್ನೇ ನುಡಿದ ಮನೆಯ ಹುಡುಗಿ ಗಾಜಿನಿಂದ ಹಣೆ ತೆಗೆದು, ನನ್ನನ್ನೇ ನೋಡುತ್ತ, ತಣ್ಣಗೆ ಹೇಳಿದಳು:

“ಹೋಗ್ತೀನ್ರಿ.”

ಆಮೇಲೆ ಅವಳು ಬಂದಿಲ್ಲ.